ರಾಕೆಟ್ ಬಿಡೋರು ಇದ್ದಾರೆ, ಬಾಹ್ಯಾಕಾಶದ ಕಸದ ಲೆಕ್ಕ ಕಲಿಸೋರು ಎಲ್ಲಿ?

ವಿಜಯಪುರ: 2023ರ ಜುಲೈ 14ರಂದು ಚಂದ್ರಯಾನ-3 ಹಾರಿದ್ದನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮಂದಿಯೂ ಟಿವಿಯಲ್ಲಿ, ಮೊಬೈಲ್‌ನಲ್ಲಿ ನೋಡಿ ಚಪ್ಪಾಳೆ ತಟ್ಟಿದ್ದರು. ಆದರೆ ಆ ರಾಕೆಟ್ ಮೊದಲು ಗೊತ್ತು ಮಾಡಿದ್ದ ಸಮಯಕ್ಕಿಂತ 4 ಸೆಕೆಂಡ್ ತಡವಾಗಿ ಹೊರಟಿತ್ತು ಅನ್ನೋದು ಬಹಳ ಮಂದಿಗೆ ಗೊತ್ತಿಲ್ಲ. ಮಳೆ ಕಾರಣ ಅಲ್ಲ, ಯಂತ್ರ ಕೆಟ್ಟಿದ್ದೂ ಅಲ್ಲ. ಮೇಲೆ ತಿರುಗುತ್ತಿದ್ದ ಕಸದ ತುಣುಕೊಂದು ನೌಕೆಯ ಹತ್ತಿರ ಬರಬಾರದು ಅಂತ ಇಸ್ರೋದವರು ಲೆಕ್ಕ ಹಾಕಿ ಸಮಯ ಬದಲಿಸಿದ್ದರು.

ಈ ಲೆಕ್ಕವೇ ಈಗ ದೊಡ್ಡ ವಿದ್ಯೆ ಆಗಿದೆ. 'ಸಸ್ಟೇನೆಬಲ್ ಸ್ಪೇಸ್ ಆಪರೇಷನ್ಸ್' ಅಂತ ಇದಕ್ಕೆ ಹೆಸರು. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ, ಉಪಗ್ರಹ ಬಿಡಬೇಕು, ಕೆಲಸ ತಗೋಬೇಕು, ಕೆಲಸ ಮುಗಿದ ಮೇಲೆ ಕಸ ಬಿಡದಂಗ ಇಳಿಸಬೇಕು. ಈ ವಿಷಯ ಕಲಿಸುವ ಪ್ರಾಧ್ಯಾಪಕರನ್ನು ವಿಶ್ವವಿದ್ಯಾಲಯಗಳ ಏರೋಸ್ಪೇಸ್ ವಿಭಾಗಗಳು ಈಗ ಹುಡುಕುತ್ತಿವೆ. ಆ ಮೇಷ್ಟ್ರುಗಳು ಎಲ್ಲಿಂದ ಬರಬೇಕು? ಅವರೊಳಗೆ ನಮ್ಮ ತಾಲೂಕಿನ ಹುಡುಗ ಹುಡುಗಿಯರು ಇರ್ತಾರಾ?

ಮೇಲೆ ಎಷ್ಟು ಕಸ?

ಯುರೋಪಿನ ಬಾಹ್ಯಾಕಾಶ ಸಂಸ್ಥೆಯ 2025ರ ವರದಿ ಪ್ರಕಾರ ಭೂಮಿ ಸುತ್ತ ಕಣ್ಣಿಟ್ಟು ನೋಡುತ್ತಿರುವ ವಸ್ತುಗಳು ಸುಮಾರು 40 ಸಾವಿರ. ಅದರಲ್ಲಿ ಕೆಲಸ ಮಾಡುವ ಉಪಗ್ರಹಗಳು ಸುಮಾರು 11 ಸಾವಿರ ಮಾತ್ರ. 1 ಸೆಂ.ಮೀ.ಗಿಂತ ದೊಡ್ಡ ತುಣುಕುಗಳು 12 ಲಕ್ಷಕ್ಕೂ ಹೆಚ್ಚು ಇರಬಹುದು ಅಂತ ಅಂದಾಜು. ಕೆಳಗಿನ ಕಕ್ಷೆಯಲ್ಲಿ ಇವು ಗಂಟೆಗೆ ಸುಮಾರು 27 ಸಾವಿರ ಕಿ.ಮೀ. ವೇಗದಲ್ಲಿ ಓಡುತ್ತವೆ. ಆ ವೇಗದಲ್ಲಿ ಲಿಂಬೆಹಣ್ಣಿನಷ್ಟು ತುಣುಕು ಬಡಿದರೂ ಉಪಗ್ರಹ ಚೂರು ಚೂರು.

2009ರ ಫೆಬ್ರುವರಿ 10ರಂದು ಅಮೆರಿಕದ ಕಂಪನಿಯ ಇರಿಡಿಯಂ ಉಪಗ್ರಹಕ್ಕೆ ರಷ್ಯಾದ ಹಳೇ ಕಾಸ್ಮಾಸ್ ಉಪಗ್ರಹ ಡಿಕ್ಕಿ ಹೊಡೆದು ಎರಡೂ ಪುಡಿಯಾದವು. ಕಸ ಮಾಡಿದ್ದರಲ್ಲಿ ನಮ್ಮದೂ ಪಾಲು ಇದೆ. 2001ರಲ್ಲಿ ಪಿಎಸ್‌ಎಲ್‌ವಿ-ಸಿ3 ರಾಕೆಟ್‌ನ ಮೇಲಿನ ಹಂತ ಕಕ್ಷೆಯಲ್ಲೇ ಒಡೆದು ನೂರಾರು ತುಣುಕಾಗಿತ್ತು.

ಇಸ್ರೋ ಏನು ಮಾಡ್ತಿದೆ?

ಈ ಕೆಲಸದ ಕೇಂದ್ರ ನಮ್ಮ ರಾಜ್ಯದಲ್ಲೇ ಇದೆ. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ 'ಐಎಸ್4ಒಎಂ' ಅನ್ನೋ ವ್ಯವಸ್ಥೆ ಉದ್ಘಾಟನೆ ಆಯಿತು. ನಮ್ಮ ಉಪಗ್ರಹಗಳಿಗೆ ಯಾವ ಕಸ ಯಾವಾಗ ಹತ್ತಿರ ಬರ್ತದೆ ಅಂತ ನೋಡೋದು ಇದರ ಕೆಲಸ. 2022ರಲ್ಲಿ 21 ಸಲ, 2023ರಲ್ಲಿ 23 ಸಲ ಡಿಕ್ಕಿ ತಪ್ಪಿಸಲು ಉಪಗ್ರಹಗಳ ದಾರಿ ಬದಲಿಸಬೇಕಾಯಿತು. ಹಾಗೆ ಬದಲಿಸಿದಾಗೆಲ್ಲ ಉಪಗ್ರಹದ ಇಂಧನ ಖರ್ಚಾಗ್ತದೆ, ಅಂದರೆ ಅದರ ಆಯುಷ್ಯ ಕಡಿಮೆ ಆಗ್ತದೆ.

2024ರ ಜನವರಿ 1ರಂದು ಹಾರಿದ ಪಿಎಸ್‌ಎಲ್‌ವಿ-ಸಿ58ರ ಕೊನೇ ಹಂತವನ್ನು 650 ಕಿ.ಮೀ.ಯಿಂದ 350 ಕಿ.ಮೀ.ಗೆ ಇಳಿಸಿ, ಪ್ರಯೋಗಗಳಿಗೆ ಬಳಸಿಕೊಂಡರು. ಮಾರ್ಚ್ 21ಕ್ಕೆ ಅದು ವಾತಾವರಣಕ್ಕೆ ಬಂದು ಸುಟ್ಟುಹೋಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಅಂತರರಾಷ್ಟ್ರೀಯ ಸಭೆಯಲ್ಲಿ, 2030ರೊಳಗೆ ಭಾರತದ ಎಲ್ಲ ಬಾಹ್ಯಾಕಾಶ ಯೋಜನೆಗಳು, ಸರ್ಕಾರದ್ದಿರಲಿ ಖಾಸಗಿಯದಿರಲಿ, ಕಸ ಉಳಿಸಬಾರದು ಅನ್ನೋ ಗುರಿ ಘೋಷಣೆ ಆಯಿತು.

ಮೇಷ್ಟ್ರು ಯಾಕೆ ಸಿಗಲ್ಲ?

ಗುರಿ ಏನೋ ಇಟ್ಟಾಯಿತು. ಅದಕ್ಕೆ ಮಂದಿ ತಯಾರಾಗಬೇಕಲ್ಲ? ಒಂದು ಲೆಕ್ಕ ಹಾಕಿ ನೋಡಿ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಪಿಯುಸಿ 2 ವರ್ಷ, ಬಿಇ 4 ವರ್ಷ, ಎಂ.ಟೆಕ್ 2 ವರ್ಷ, ಪಿಎಚ್‌ಡಿ ಸುಮಾರು 5 ವರ್ಷ. ಐಐಟಿಯಂಥ ಕಡೆ ಕಾಯಂ ಸಹಾಯಕ ಪ್ರಾಧ್ಯಾಪಕ ಆಗಬೇಕೆಂದರೆ ಅದರ ಮೇಲೆ 3 ವರ್ಷ ಅನುಭವ. ಒಟ್ಟು 16 ವರ್ಷ. ಇವತ್ತು ಎಸ್ಸೆಸ್ಸೆಲ್ಸಿ ಪಾಸಾದವರು ಮೇಷ್ಟ್ರಾಗುವಾಗ 2030 ದಾಟಿ ಬಹಳ ದಿನ ಆಗಿರ್ತದೆ.

ಇನ್ನೊಂದು ಕಾರಣ, ಇದು ಒಂದೇ ವಿಷಯ ಅಲ್ಲ. ಕಕ್ಷೆಯ ಗಣಿತ ಬರಬೇಕು, ರಾಡಾರ್ ಮತ್ತು ದೂರದರ್ಶಕದ ಮಾಹಿತಿ ಓದಲು ಬರಬೇಕು, ಸಾಫ್ಟ್‌ವೇರ್ ಬರಬೇಕು, ಬೇರೆ ಬೇರೆ ದೇಶಗಳ ಕಾಯ್ದೆಯೂ ಗೊತ್ತಿರಬೇಕು. ಇಷ್ಟೆಲ್ಲ ಬಲ್ಲವರನ್ನು ಕಂಪನಿಗಳೂ ಎಳೆದುಕೊಳ್ಳುತ್ತವೆ. ಬಾಹ್ಯಾಕಾಶದ ಕಸ ಪತ್ತೆ ಹಚ್ಚುವ ಡಿಗಂತರ ಅನ್ನೋ ಕಂಪನಿ ಬೆಂಗಳೂರಿನದೇ.

ಇನ್ನು ಸಂಬಳ. ಎಐಸಿಟಿಇ ನಿಯಮದಂತೆ ಇಂಜಿನಿಯರಿಂಗ್ ಕಾಲೇಜಿನ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನ ₹57,700. ಐಐಟಿಯಲ್ಲಿ ಮೂರು ವರ್ಷ ಅನುಭವ ಇದ್ದವರಿಗೆ ₹1,01,500. ಸಣ್ಣ ಖಾಸಗಿ ಕಾಲೇಜಿನಲ್ಲಿ ಕಾಗದದ ಮೇಲಿನ ಮೊತ್ತ ಕೈಗೆ ಎಷ್ಟು ಬರ್ತದೆ ಅನ್ನೋದು ಅಲ್ಲಿ ಕೆಲಸ ಮಾಡಿದವರಿಗೇ ಗೊತ್ತು. ಹೀಗಾಗಿ ಒಳ್ಳೇ ಮೇಷ್ಟ್ರು ನಾಲ್ಕಾರು ದೊಡ್ಡ ಸಂಸ್ಥೆಗಳಲ್ಲೇ ಸೇರಿಬಿಡ್ತಾರೆ.

ನಮಗೇನು ಸಂಬಂಧ?

ಮಳೆ ಮುನ್ಸೂಚನೆಗೆ ಇನ್‌ಸ್ಯಾಟ್ ಚಿತ್ರ ಬೇಕು. ಭೀಮಾ ತುಂಬಿ ಬಂದರೆ ಯಾವ ಊರಿಗೆ ನೀರು ಹೊಕ್ಕಿದೆ ಅಂತ ನಕ್ಷೆ ಮಾಡಲು ಉಪಗ್ರಹ ಬೇಕು. ಲಿಂಬೆ ಹೊತ್ತ ಲಾರಿ ಎಲ್ಲಿದೆ ಅಂತ ಮೊಬೈಲ್‌ನಲ್ಲಿ ನೋಡೋಕೂ, ಅಂಗಡಿ ಮೇಲಿನ ಡಿಶ್ ಟಿವಿಗೂ ಉಪಗ್ರಹವೇ ಬೇಕು. ಮೇಲೆ ಕಸ ಹೆಚ್ಚಾದರೆ ಕೆಳಗೆ ನಮ್ಮ ವ್ಯಾಪಾರಕ್ಕೂ ಪೆಟ್ಟು.

ಅದಕ್ಕಿಂತ ಹತ್ತಿರದ ಸಂಬಂಧ ನಮ್ಮ ಮಕ್ಕಳ ಸೀಟಿನದು. 'ಏರೋಸ್ಪೇಸ್' ಅನ್ನೋ ಹೆಸರು ಕೇಳಿ, ಹೊಲ ಅಡವಿಟ್ಟು ಸಾಲ ಮಾಡಿ ಸೀಟು ಕೊಡಿಸುವ ತಂದೆ ತಾಯಿ ನಮ್ಮ ಕಡೆ ಇದ್ದಾರೆ. ಬೋರ್ಡ್ ಬರೆಸೋದು ಸುಲಭ, ಕಲಿಸೋರನ್ನ ತರೋದು ಕಷ್ಟ. ರೊಕ್ಕ ಕಟ್ಟೋ ಮುಂಚೆ ಕಾಲೇಜಿಗೆ ಹೋಗಿ "ಕಲಿಸೋರು ಯಾರದಾರ?" ಅಂತ ಕೇಳಿ. ಎಷ್ಟು ಮಂದಿ ಕಾಯಂ, ಎಷ್ಟು ಮಂದಿ ಪಿಎಚ್‌ಡಿ ಆದವರು, ಕಕ್ಷೆಯ ಗಣಿತವನ್ನು ನಿಜವಾಗಿ ಯಾರು ಪಾಠ ಮಾಡ್ತಾರೆ ಅಂತ ಕೇಳಿ. ಬೋಧಕರ ಪಟ್ಟಿಯನ್ನು ಕಾಲೇಜು ತನ್ನ ವೆಬ್‌ಸೈಟ್‌ನಲ್ಲಿ ಹಾಕಲೇಬೇಕು ಅನ್ನೋದು ಎಐಸಿಟಿಇ ನಿಯಮ. ಅದನ್ನು ತೆಗೆದು ನೋಡಿ.

ಬಿಇಯಲ್ಲಿ ಏರೋಸ್ಪೇಸ್ ಸೀಟೇ ಸಿಗಬೇಕು ಅಂತಲೂ ಇಲ್ಲ. ಮೆಕ್ಯಾನಿಕಲ್ ಓದಿದವರೂ ಗೇಟ್ ಪರೀಕ್ಷೆ ಬರೆದು ಏರೋಸ್ಪೇಸ್ ಎಂ.ಟೆಕ್‌ಗೆ ಹೋಗಬಹುದು. ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ ₹12,400 ವಿದ್ಯಾರ್ಥಿವೇತನ ಇದೆ. ಪಿಎಚ್‌ಡಿಯಲ್ಲಿ ಜೆಆರ್‌ಎಫ್ ಸಿಕ್ಕರೆ 2023ರಿಂದ ತಿಂಗಳಿಗೆ ₹37,000. ಬಡವರ ಮಕ್ಕಳಿಗೂ ಈ ದಾರಿ ತೆರೆದಿದೆ.

ಆದರೆ ಈ ದಾರಿ ಶುರುವಾಗೋದು ಬೆಂಗಳೂರಿನಲ್ಲಿ ಅಲ್ಲ. ತಾಲೂಕಿನ ಪಿಯು ಕಾಲೇಜಿನ ಫಿಸಿಕ್ಸ್, ಗಣಿತದ ಕ್ಲಾಸಿನಲ್ಲಿ. ಅಲ್ಲಿ ಮೇಷ್ಟ್ರ ಕುರ್ಚಿ ಖಾಲಿ ಬಿದ್ದರೆ, 16 ವರ್ಷದ ನಂತರ ವಿಶ್ವವಿದ್ಯಾಲಯದ ಜಾಹೀರಾತಿಗೆ ಅರ್ಜಿ ಹಾಕೋ ಪಟ್ಟಿಯಲ್ಲಿ ನಮ್ಮೂರ ಹೆಸರು ಇರಲ್ಲ. ಕಾಲೇಜು ಅಭಿವೃದ್ಧಿ ಸಮಿತಿ ಸಭೆಗೆ ಹೋಗುವ ಪಾಲಕರು ಮುಂದಿನ ಸಲ ಕಟ್ಟಡ, ಕಾಂಪೌಂಡ್ ವಿಷಯಕ್ಕಿಂತ ಮೊದಲು ಈ ಎರಡು ಹುದ್ದೆಗಳ ಬಗ್ಗೆ ಕೇಳಲಿ.