ತಟ್ಟೆ ಬಿಟ್ಟು ಎದ್ದರೆ ಆರೋಗ್ಯ ಬಂದುಬಿಡುತ್ತಾ?

ಕಳೆದ ಸೆಮಿಸ್ಟರ್‌ನಲ್ಲಿ ಒಂದು ಬೆಳಿಗ್ಗೆ ಮೆಷಿನ್ ಶಾಪ್ ಲ್ಯಾಬ್‌ನಲ್ಲಿ ಲೇತ್ ಮುಂದೆ ನಿಂತಿದ್ದ ನಮ್ಮ ರೂಮಿನ ಹುಡುಗ ಹಾಗೇ ತಲೆ ಸುತ್ತಿ ಕುಸಿದ. ಪುಣ್ಯಕ್ಕೆ ಹಿಂದಕ್ಕೆ ಬಿದ್ದ. ಮುಂದಕ್ಕೆ ಬಿದ್ದಿದ್ದರೆ ಏನಾಗ್ತಿತ್ತು ಅಂತ ತಿರುಗೋ ಚಕ್ ಹತ್ತಿರದಿಂದ ನೋಡಿದವರಿಗೆ ಹೇಳಬೇಕಾಗಿಲ್ಲ. ಇನ್‌ಸ್ಟ್ರಕ್ಟರ್ ಓಡಿ ಬಂದು ಮೆಷಿನ್ ಆಫ್ ಮಾಡಿದರು, ಅವನನ್ನು ಮಲಗಿಸಿ ಕಾಲು ಎತ್ತಿ ಹಿಡಿಸಿದರು. ಎದ್ದು ಕೂತ ಮೇಲೆ ಕ್ಯಾಂಟೀನ್‌ನಿಂದ ನಿಂಬೆ ಶರಬತ್ತು ತರಿಸಿ ಕುಡಿಸಿದರು. "ಸರ್, ಇವ್ನು ಡಯಟ್ ಮಾಡ್ತಿದಾನೆ ಸರ್" ಅಂತ ನಾವೆಲ್ಲ ಒಟ್ಟಿಗೇ ಹೇಳಿದೆವು. ಅವರು ಅದಕ್ಕೆ ಏನೂ ಅನ್ನದೆ ಬೇರೇನೋ ಕೇಳಿದರು.

"ರಾತ್ರಿ ಎಷ್ಟು ಗಂಟೆಗೆ ಮಲಗಿದ್ದೆಯಪ್ಪಾ?"

"ಮೂರೂವರೆ ಸರ್."

"ಮೊನ್ನೆ?"

"ಮೊನ್ನೆನೂ ಅಷ್ಟೇ ಸರ್."

ಈ ಲೇಖನ ಬರೆಯೋಕೆ ಕಾರಣ ಆ ಪ್ರಶ್ನೆ. ಒಂದೇ ರೂಮಿನಲ್ಲಿದ್ದ ನಾವು ಅವನನ್ನು ಒಂದು ದಿನವೂ ಅದನ್ನು ಕೇಳಿರಲಿಲ್ಲ. ಅವನು ಎಷ್ಟು ಕೆಜಿ ಇಳಿದ ಅನ್ನೋದು ಮಾತ್ರ ಇಡೀ ಕಾರಿಡಾರಿಗೆ ಗೊತ್ತಿತ್ತು.

ಅವನು ಮಾಡ್ತಿದ್ದಿದ್ದು ಇಷ್ಟು. ಫೋನಿನ ಆ್ಯಪ್ ದಿನಕ್ಕೆ 1,200 ಕ್ಯಾಲೊರಿ ಅಂತ ಲೆಕ್ಕ ಹಾಕಿ ಕೊಟ್ಟಿತ್ತು. ಬೆಳಿಗ್ಗೆ ಬ್ಲ್ಯಾಕ್ ಕಾಫಿ, ಮಧ್ಯಾಹ್ನ ಎರಡು ಬೇಯಿಸಿದ ಮೊಟ್ಟೆ, ರಾತ್ರಿ ಸೌತೆಕಾಯಿ. ಅದರ ಮೇಲೆ ಇಂಟರ್ನಲ್ಸ್, ಎರಡು ಅಸೈನ್‌ಮೆಂಟ್, ಒಂದು ಬ್ಯಾಕ್ ಪೇಪರ್. ಓದೋಕೆ ಎಚ್ಚರ ಇರಬೇಕು ಅಂತ ರಾತ್ರಿ ಹನ್ನೊಂದಕ್ಕೆ ಮತ್ತೆ ಕಾಫಿ. ಕುಡಿದ ಕೆಫೀನಿನಲ್ಲಿ ಅರ್ಧ ಕಡಿಮೆ ಆಗೋಕೇ ಸುಮಾರು ಐದು ಗಂಟೆ ಬೇಕು. ಹನ್ನೊಂದರ ಕಾಫಿಯ ಅರ್ಧ ಪಾಲು ಬೆಳಗಿನ ಜಾವ ನಾಲ್ಕಕ್ಕೂ ಒಳಗೆ ಕೆಲಸ ಮಾಡ್ತಾ ಇರುತ್ತೆ. ಇನ್ನು ನಿದ್ದೆ ಎಲ್ಲಿಂದ ಬರಬೇಕು?

ಡಯಟ್ ಮಾಡೋರನ್ನೆಲ್ಲ ನಾವು ಗೇಲಿ ಮಾಡ್ತಿಲ್ಲ. ಥೈರಾಯ್ಡ್, ಸಕ್ಕರೆ, ಪಿಸಿಒಡಿ ಅಂತ ಡಾಕ್ಟರ್ ಹೇಳಿ ಪಥ್ಯ ಮಾಡುವವರ ವಿಷಯವೇ ಬೇರೆ. ನಮ್ಮ ತಕರಾರು ಇರೋದು ಆರೋಗ್ಯ ಅಂದರೆ ತಟ್ಟೆಯಿಂದ ಏನು ತೆಗೀಬೇಕು ಅನ್ನೋದೊಂದೇ ಅಂತ ತಿಳಿದುಕೊಂಡಿರೋದರ ಬಗ್ಗೆ. ಕಂಟ್ರೋಲ್ ಸಿಸ್ಟಮ್ಸ್ ಓದಿರೋ ನಾವೇ ಹೀಗೆ ಯೋಚಿಸಿದರೆ ಹೇಗೆ? ಐದಾರು ಇನ್‌ಪುಟ್ ಇರೋ ಸಿಸ್ಟಮ್‌ನಲ್ಲಿ ಒಂದೇ ಒಂದು ನಾಬ್ ಹಿಡಿದು ತಿರುಗಿಸ್ತಾ ಕೂತರೆ ಔಟ್‌ಪುಟ್ ನಾವು ಅಂದುಕೊಂಡ ಕಡೆಗೆ ಹೋಗಲ್ಲ.

ನಿದ್ದೆಯನ್ನೇ ತಗೊಳ್ಳಿ. 2004ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದವರು ನಮ್ಮದೇ ವಯಸ್ಸಿನ 12 ಆರೋಗ್ಯವಂತ ಹುಡುಗರನ್ನು ಎರಡು ರಾತ್ರಿ ನಾಲ್ಕು ಗಂಟೆ ಮಾತ್ರ, ಇನ್ನೊಮ್ಮೆ ಎರಡು ರಾತ್ರಿ ಹತ್ತು ಗಂಟೆ ಮಲಗೋಕೆ ಬಿಟ್ಟು ಹೋಲಿಸಿ ನೋಡಿದರು. ನಿದ್ದೆ ಕಡಿಮೆ ಆದಾಗ ಹಸಿವು ಹೆಚ್ಚಿಸುವ ಗ್ರೆಲಿನ್ ಹಾರ್ಮೋನು 28% ಏರಿತ್ತು, ಹೊಟ್ಟೆ ತುಂಬಿತು ಅಂತ ಮೆದುಳಿಗೆ ಹೇಳುವ ಲೆಪ್ಟಿನ್ 18% ಇಳಿದಿತ್ತು. ಅವರಿಗೆ ಹೆಚ್ಚು ಬೇಕು ಅನ್ನಿಸಿದ್ದೂ ಸಿಹಿ, ಕುರುಕಲು, ಹಿಟ್ಟಿನ ತಿಂಡಿಗಳೇ. ರಾತ್ರಿ ಒಂದಕ್ಕೆ ನೈಟ್ ಕ್ಯಾಂಟೀನ್ ಮುಂದೆ ಮ್ಯಾಗಿಗೆ ಕ್ಯೂ ನಿಲ್ಲೋದು ಬರೀ ನಾಲಿಗೆ ಚಪಲ ಅಂತ ಬೈದುಕೊಳ್ಳೋ ಹಾಗಿಲ್ಲ.

ಇನ್ನು 1,200 ಕ್ಯಾಲೊರಿ ವಿಷಯ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944ರ ನವೆಂಬರ್‌ನಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ ಒಂದು ಪ್ರಯೋಗ ಶುರು ಮಾಡಿದರು. ಯುದ್ಧದಲ್ಲಿ ಹಸಿದವರಿಗೆ ಮತ್ತೆ ಹೇಗೆ ಊಟ ಕೊಡಬೇಕು ಅಂತ ತಿಳಿಯೋದು ಅದರ ಉದ್ದೇಶ. ತಾವಾಗಿಯೇ ಮುಂದೆ ಬಂದ 36 ಯುವಕರಿಗೆ ಆರು ತಿಂಗಳು ದಿನಕ್ಕೆ ಸುಮಾರು 1,600 ಕ್ಯಾಲೊರಿ ಊಟ, ವಾರಕ್ಕೆ 22 ಮೈಲಿ ನಡಿಗೆ. ತೂಕ ಕಾಲು ಭಾಗದಷ್ಟು ಇಳಿಯಿತು, ನಿಜ. ಜೊತೆಗೆ ಅವರು ಸಿಡುಕರಾದರು, ಸ್ನೇಹಿತರ ಜೊತೆ ಬೆರೆಯೋದು ಬಿಟ್ಟರು, ಗಮನ ನಿಲ್ಲಲ್ಲ ಅಂತ ಹೇಳ್ತಿದ್ದರು, ಅಡುಗೆ ಪುಸ್ತಕಗಳನ್ನು ಓದ್ತಾ ಕೂರ್ತಿದ್ದರು. ನಮ್ಮ ರೂಮಿನವನೂ ಮೆಸ್ಸಿಗೆ ಬರ್ತಿರಲಿಲ್ಲ, ರಾತ್ರಿ ಮಾತ್ರ ಯೂಟ್ಯೂಬ್‌ನಲ್ಲಿ ಬಿರಿಯಾನಿ ಮಾಡೋ ವಿಡಿಯೊ ನೋಡ್ತಿದ್ದ. ನಮಗೆ ಅದು ಜೋಕ್ ಆಗಿತ್ತು. ಅಲ್ಲಿ ಹಸಿವಿನ ಪರಿಣಾಮ ನೋಡೋಕೆ ಅಂತಲೇ ಕೊಟ್ಟ ಊಟಕ್ಕಿಂತ 400 ಕ್ಯಾಲೊರಿ ಕಡಿಮೆಯನ್ನು ಇಲ್ಲಿ ಆ್ಯಪ್ ಆರೋಗ್ಯ ಅಂತ ಕೊಟ್ಟಿತ್ತು!

ಹಾಗಂತ ಮೆಸ್ ಊಟ ಅಮೃತ ಅಂತ ನಾವು ಹೇಳಲ್ಲ. ಉಪ್ಪಿಟ್ಟಿಗೆ ಕಾಂಕ್ರೀಟ್ ಅನ್ನೋ ಹೆಸರು ನಾವು ಹುಟ್ಟೋ ಮೊದಲೇ ಇತ್ತು, ಸಿವಿಲ್‌ನವರು ಅದನ್ನು ಟೆಸ್ಟ್ ಮಾಡಿ ಸರ್ಟಿಫಿಕೇಟ್ ಕೊಡೋದೊಂದು ಬಾಕಿ. ಆದರೆ ಬುಧವಾರ ಮುದ್ದೆ, ಸೊಪ್ಪಿನ ಸಾರು ಮಾಡಿದ ದಿನ ಅರ್ಧ ಹಾಸ್ಟೆಲ್ ಹೊರಗೆ ಹೋಗಿರುತ್ತೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅದನ್ನು ಬಿಟ್ಟು ಸಾವಿರಾರು ರೂಪಾಯಿಯ ಪ್ರೋಟೀನ್ ಡಬ್ಬಿ ತರಿಸ್ತೀವಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಆಹಾರ ಮಾರ್ಗಸೂಚಿ, ಮೈ ಬೆಳೆಸೋಕೆ ಪ್ರೋಟೀನ್ ಪುಡಿ ಬೇಡ ಅಂತ ನೇರವಾಗೇ ಹೇಳಿದೆ. ಅಕ್ಕಿ, ರಾಗಿಯಂಥ ಧಾನ್ಯದ ಜೊತೆ ಬೇಳೆಕಾಳು ಸೇರಿಸಿ ತಿನ್ನಿ, ತಟ್ಟೆಯ ಅರ್ಧದಷ್ಟು ತರಕಾರಿ, ಸೊಪ್ಪು, ಹಣ್ಣು ಇರಲಿ ಅನ್ನುತ್ತೆ. ಆ ಅರ್ಧ ತಟ್ಟೆ ತರಕಾರಿಯನ್ನು ನಮ್ಮ ಮೆಸ್‌ನಲ್ಲಿ ಹುಡುಕೋಕೆ ಭೂತಗನ್ನಡಿ ಬೇಕು, ಅದೂ ನಿಜ.

ಮೈ ಆಡಿಸೋ ವಿಷಯಕ್ಕೆ ಬಂದರೆ, ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವ್ಯಾಯಾಮ ಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ ಇಪ್ಪತ್ತೆರಡು ನಿಮಿಷ ಚುರುಕಾಗಿ ನಡೆದರೆ ಆಯ್ತು, ಜಿಮ್ ಕಾರ್ಡ್ ಇಲ್ಲದಿದ್ದರೂ ನಡೆಯುತ್ತೆ. ಆದರೆ ಲ್ಯಾಬ್ ಮುಗಿಯೋದು ಐದಕ್ಕೆ, ಗ್ರೌಂಡ್ ಗೇಟ್‌ಗೆ ಬೀಗ ಬೀಳೋದು ಆರೂವರೆಗೆ. ಆ ಒಂದೂವರೆ ಗಂಟೆಯೂ ಹುಡುಗರ ಕ್ರಿಕೆಟ್‌ಗೇ ಹೋಗುತ್ತೆ. ನಮ್ಮ ಬಳಗದ ಹುಡುಗಿಯರು ಇದನ್ನು ಓದಿ "ಈಗ ಗೊತ್ತಾಯ್ತಾ?" ಅಂದರು. ಗೊತ್ತಾಯ್ತು.

ಇಷ್ಟೆಲ್ಲ ಬರೆದ ಮೇಲೆ ನಾವು ಮುಚ್ಚಿಡಬಾರದ ಮಾತೊಂದಿದೆ. ಅವನು ಡಯಟ್ ಶುರು ಮಾಡಿದ್ದು ಆ್ಯಪ್ ನೋಡಿ ಅಲ್ಲ. ಮೊದಲ ಸೆಮಿಸ್ಟರ್‌ನಿಂದ ನಾವು ಅವನನ್ನು ಕರೀತಿದ್ದಿದ್ದು "ಡ್ರಮ್ಮು" ಅಂತ. ಎಥ್ನಿಕ್ ಡೇ ದಿನ ಪಂಚೆ ಉಟ್ಟು ಬಂದಾಗ ತೆಗೆದ ಒಂದು ಫೋಟೊಗೆ ಗ್ರೂಪಿನಲ್ಲಿ ಹಾಕಿದ ಸ್ಟಿಕರ್‌ಗಳನ್ನು ಎಣಿಸೋಕೆ ಆಗಲ್ಲ. ಅವನೂ ನಗೋ ಎಮೋಜಿ ಹಾಕಿದ್ದ. ಮಾರನೇ ದಿನ ತಿಂಡಿಗೆ ಬರಲಿಲ್ಲ. ಕುಸಿದು ಬಿದ್ದು ವಾರ ಆದ ಮೇಲೆ ಕೇಳಿದಾಗ ಅವನೇ ಹೇಳಿದ ಮಾತಿದು: "ಊಟ ಬಿಡೋದು ಕಷ್ಟ ಇರ್ಲಿಲ್ಲ ಮಗಾ. ಮೆಸ್‌ನಲ್ಲಿ ನಿಮ್ ಎದುರಿಗೆ ಕೂತ್ಕೊಂಡು ತಿನ್ನೋದೇ ಕಷ್ಟ ಆಗ್ತಿತ್ತು."

ಒಬ್ಬನ ಊಟ, ನಿದ್ದೆ ಎರಡನ್ನೂ ಕೆಡಿಸೋಕೆ ಒಂದು ಅಡ್ಡಹೆಸರು ಸಾಕಾಗಿತ್ತು. ಜೊತೆಯವರು ಹೇಗಿದ್ದಾರೆ ಅನ್ನೋದನ್ನೂ ಆರೋಗ್ಯದ ಲೆಕ್ಕಕ್ಕೆ ಸೇರಿಸಬೇಕು ಅಂತ ನಾವು ಹೇಳೋದು ಇದಕ್ಕೇ. ಹಬ್ಬಕ್ಕೆ ಊರಿಗೆ ಹೋದಾಗ "ಏನೇ ಇಷ್ಟು ದಪ್ಪ ಆಗಿದೀಯಾ" ಅನ್ನೋ ಅತ್ತೆಯರನ್ನು ತಿದ್ದೋಕೆ ನಮ್ಮ ಕೈಲಿ ಆಗಲಿಕ್ಕಿಲ್ಲ, ನಮ್ಮ ವಾಟ್ಸಾಪ್ ಗ್ರೂಪ್ ನಮ್ಮ ಕೈಲೇ ಇದೆ. ಯಾರ ಹತ್ತಿರವೂ ಹೇಳಿಕೊಳ್ಳೋಕೆ ಆಗ್ತಿಲ್ಲ ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಈಗ ಅವನು ಮೂರು ಹೊತ್ತೂ ಮೆಸ್‌ಗೆ ಬರ್ತಾನೆ. ಮುದ್ದೆ ದಿನ ಎರಡು ಹಾಕಿಸಿಕೊಳ್ತಾನೆ. ಊಟ ಆದ ಮೇಲೆ ನಾವು ನಾಲ್ಕು ಜನ ಮೇನ್ ಗೇಟ್‌ವರೆಗೆ ನಡೆದು ಬರ್ತೀವಿ. ಹನ್ನೆರಡಕ್ಕೆ ಲೈಟ್ ಆಫ್ ಅನ್ನೋ ರೂಲ್ ಮಾಡಿಕೊಂಡಿದ್ದೀವಿ, ವಾರದಲ್ಲಿ ಎರಡು ದಿನ ಮುರಿಯುತ್ತೆ. ಅವನ ತೂಕ ಎಷ್ಟಾಯ್ತು ಅಂತ ನಾವು ಕೇಳಿಲ್ಲ.

ಉಳಿದಿದ್ದು ನಮ್ಮ ಕೈಲಿ ಇಲ್ಲದ ಎರಡು ವಿಷಯ. ಮೆಸ್‌ನಲ್ಲಿ ತಿಂಡಿ ಕೊಡೋದು ಏಳೂವರೆಯಿಂದ ಎಂಟೂಕಾಲು, ಮೊದಲ ಕ್ಲಾಸ್ ಎಂಟಕ್ಕೆ. ಅದು ಏಳಕ್ಕೆ ಶುರುವಾಗಬೇಕು. ಗ್ರೌಂಡ್ ಎಂಟರವರೆಗೆ ತೆರೆದಿರಬೇಕು, ವಾರಕ್ಕೆ ಮೂರು ದಿನ ಹುಡುಗಿಯರಿಗೆ ಬಿಟ್ಟುಕೊಡಬೇಕು. ಅರ್ಜಿ ಬರೆದಾಗಿದೆ, ಸೋಮವಾರದಿಂದ ಮೆಸ್ ಬಾಗಿಲ ಪಕ್ಕದ ಟೇಬಲ್ ಮೇಲೆ ಇಟ್ಟಿರ್ತೀವಿ. ತಿಂಡಿಗೆ ಬಂದವರು ಸಹಿ ಹಾಕಿ ಹೋಗಿ. ಬಾರದೆ ಮಲಗಿರೋ ರೂಮ್‌ಮೇಟ್‌ನನ್ನೂ ಒಂದು ಸಲ ಎಬ್ಬಿಸಿ ಕರ್ಕೊಂಡು ಬನ್ನಿ.