ಕುರುಕ್ಷೇತ್ರ ಅಂದ್ರೆ ಕಾಮಿಡಿ ಸ್ಕಿಟ್ ಅಲ್ಲ

ಕಾಲೇಜ್ ಫೆಸ್ಟ್‌ನಲ್ಲಿ ಪೌರಾಣಿಕ ನಾಟಕ ಅಂದ್ರೆ ಏನಿರುತ್ತೆ ಅಂತ ಎಲ್ಲರಿಗೂ ಗೊತ್ತು. ದುರ್ಯೋಧನ ಕುಡಿದು ಬರ್ತಾನೆ, ಭೀಮನ ಗದೆ ಮುರಿಯುತ್ತೆ, ಕೃಷ್ಣನಿಗೆ ಮೊಬೈಲ್‌ನಲ್ಲಿ ಕಾಲ್ ಬರುತ್ತೆ. ಹತ್ತು ನಿಮಿಷ ನಗು, ಆಮೇಲೆ ಡಾನ್ಸ್. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯಿಂದ ಬಂದ ನಮ್ಮದು ಈ ಸಲ ಒಂದು ಬೇಡಿಕೆ ಇದೆ. ಕುರುಕ್ಷೇತ್ರವನ್ನು ಒಮ್ಮೆ ಸೀರಿಯಸ್ಸಾಗಿ ಆಡೋಣ. ನೋಡಿದವರಿಗೆ ಸ್ವಲ್ಪ ಭಯ ಆಗುವ ಹಾಗೆ ಆಡೋಣ.

ನಮ್ಮೂರುಗಳ ಕುರುಕ್ಷೇತ್ರ ಪಕ್ಕಾ ಮ್ಯೂಸಿಕಲ್. ಮಾತಿನಷ್ಟೇ ಪದ್ಯ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿಸ್ತಾರೆ. ಪಾರ್ಟು ಹಾಕುವವರು ಹಗಲೆಲ್ಲ ಹೊಲದಲ್ಲೋ ಅಂಗಡಿಯಲ್ಲೋ ದುಡಿದು ಬಂದವರು. ದುಡ್ಡು ಪಡೆಯೋದಿರಲಿ, ತಾವೇ ಕೈಯಿಂದ ಹಾಕಿ ಪಾರ್ಟು ತಗೊಳ್ತಾರೆ. ರಾತ್ರಿ ಶುರುವಾದದ್ದು ಮುಗಿಯೋದು ಬೆಳಗ್ಗೆ. ಈ ಹುಚ್ಚಿನ ಬೇರು ದೂರ ಇಲ್ಲ. 1884ರಲ್ಲಿ ನಮ್ಮ ಜಿಲ್ಲೆಯ ಗುಬ್ಬಿಯಲ್ಲೇ ಗುಬ್ಬಿ ಕಂಪನಿ ಹುಟ್ಟಿತು. ಮುಂದೆ ಅದನ್ನು ನಡೆಸಿದ ಗುಬ್ಬಿ ವೀರಣ್ಣನವರು ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ತಂದಿದ್ದರು.

ಹಳೇ ಮ್ಯೂಸಿಕಲ್ಲನ್ನು ಕತ್ತಲಿನ ಕಡೆಯಿಂದ ನೋಡೋದು ಹೇಗೆ? ಅಮೆರಿಕದಲ್ಲಿ ಒಂದು ಉದಾಹರಣೆ ಇದೆ. 1943ರ 'ಓಕ್ಲಹೋಮಾ!' ಅಲ್ಲಿನವರಿಗೆ ಅಚ್ಚುಮೆಚ್ಚಿನ, ಖುಷಿಖುಷಿಯ ನಾಟಕ. ಡೇನಿಯಲ್ ಫಿಶ್ ಎಂಬ ನಿರ್ದೇಶಕ ಅದನ್ನು 2019ರಲ್ಲಿ ಬ್ರಾಡ್‌ವೇಗೆ ತಂದಾಗ ಹಾಡು, ಮಾತು ಹೆಚ್ಚುಕಡಿಮೆ ಹಾಗೇ ಇದ್ದವು. ದೊಡ್ಡ ಆರ್ಕೆಸ್ಟ್ರಾ ಹೋಗಿ ಏಳು ಜನರ ಬ್ಯಾಂಡ್ ಬಂತು. ಒಂದು ದೃಶ್ಯ ಪೂರ್ತಿ ಕತ್ತಲಲ್ಲಿ ನಡೀತು. ಮೂಲದಲ್ಲಿ ಖಳನಾಯಕ ಜಗಳದಲ್ಲಿ ತನ್ನ ಚಾಕುವಿನ ಮೇಲೇ ಬಿದ್ದು ಸಾಯ್ತಾನೆ. ಇಲ್ಲಿ ಮದುಮಗನೇ ಅವನಿಗೆ ಗುಂಡು ಹೊಡೀತಾನೆ, ಮದುವೆಯ ಬಿಳಿ ಬಟ್ಟೆಗೆ ರಕ್ತ ಸಿಡಿಯುತ್ತೆ. ಅದೇ ಖುಷಿಯ ಹಾಡು ಕೊನೆಗೆ ಕೇಳಿದಾಗ ಮೈ ಜುಂ ಅನ್ನುತ್ತೆ. ಆ ವರ್ಷದ ಟೋನಿ ಪ್ರಶಸ್ತಿಯೂ ಬಂತು, ಬೈದವರೂ ಇದ್ದರು.

ಕುರುಕ್ಷೇತ್ರಕ್ಕಂತೂ ಕತ್ತಲನ್ನು ಹೊರಗಿಂದ ತರೋದೇ ಬೇಡ. ಅಭಿಮನ್ಯುವನ್ನೇ ತಗೊಳ್ಳಿ. ಹದಿನಾರು ವರ್ಷ ಅಂತಾರೆ, ಅಂದ್ರೆ ಪಿಯುಸಿ ಹುಡುಗ, ನಮಗಿಂತ ಚಿಕ್ಕವನು. ಚಕ್ರವ್ಯೂಹಕ್ಕೆ ಹೊರಡುವ ಮುಂಚೆ ಅವನು ಚೆನ್ನಾಗಿ ಹಾಡಿದರೆ ನಾವು 'ಒನ್ಸ್ ಮೋರ್' ಅಂತ ಕೂಗ್ತೀವಿ. ಸಾಯಲು ಹೊರಟವನನ್ನು ನಿಲ್ಲಿಸಿ ಇನ್ನೊಂದು ಸಲ ಹಾಡಿಸ್ತೀವಿ! ಯುದ್ಧ ಬರುವ ಹೊತ್ತಿಗೆ ಬೆಳಗಿನ ಜಾವ, ಅರ್ಧ ಜನ ಚಾಪೆ ಮೇಲೆ ನಿದ್ದೆ.

'ದೇವರ ನಾಟಕ, ಕೆಡಿಸಬೇಡಿ' ಅಂತ ಊರಿನ ಹಿರಿಯರು ಹೇಳಬಹುದು. ಆದರೆ ಮಹಾಭಾರತದಲ್ಲೇ ಗಾಂಧಾರಿ ಕೃಷ್ಣನಿಗೆ ಶಾಪ ಕೊಡ್ತಾಳಲ್ಲ? ನಿಜವಾಗಿ ಅವಮಾನ ಮಾಡ್ತಿರೋದು ನಮ್ಮ ಸ್ಕಿಟ್‌ಗಳು. ಅಪ್ಪಂದಿರು, ಮಾವಂದಿರು ಸಾಲ ಮಾಡಿ ಕಟ್ಟಿದ ಕಿರೀಟಕ್ಕೆ ನಗೋದು ಸುಲಭ.

ಒಂದೇ ಷರತ್ತು: ಮೊದಲು ಹಾಡು ಕಲಿಯಬೇಕು. ಹಾಡಲು ಬಾರದವರು ಸ್ಟೇಜ್ ಕತ್ತಲು ಮಾಡಿದರೆ ಕರೆಂಟ್ ಹೋದ ಹಾಗಿರುತ್ತೆ, ಅಷ್ಟೇ. ನಮ್ಮಲ್ಲಿ ಬಹಳ ಜನ ಇಂಗ್ಲಿಷ್ ಮೀಡಿಯಂ. ಪದ್ಯದಲ್ಲಿ ನಾಲಿಗೆ ಹೊರಳಲ್ಲ. ಅದಕ್ಕೇ ಮಧುಗಿರಿ ಕಡೆಯ ಒಬ್ಬ ಮೇಷ್ಟ್ರನ್ನು ಕ್ಯಾಂಪಸ್ಸಿಗೆ ಕರೆಸೋಣ. ಕೃಷ್ಣ ಸಂಧಾನ, ಅಭಿಮನ್ಯು, ಕೊನೆಗೆ ಗಾಂಧಾರಿ: ಮೂರೇ ದೃಶ್ಯ, ಒಂದು ಗಂಟೆ, ಒಂದೇ ಹಾರ್ಮೋನಿಯಂ. ಒನ್ಸ್ ಮೋರ್ ಇಲ್ಲ.

ಪಾರ್ಟು ಬೇಕಾದವರು ಕ್ಲಬ್ ರೂಮಿಗೆ ಬನ್ನಿ. ದುರ್ಯೋಧನನಿಗೆ ಈಗಾಗಲೇ ಪೈಪೋಟಿ ಇದೆ. ಗಾಂಧಾರಿಗೆ ಇನ್ನೂ ಯಾರೂ ಸಿಕ್ಕಿಲ್ಲ.