ರೋಮಿನ್ಯಾಗೂ ಗುಲಾಮರಿದ್ರಲ್ಲ!



ಮುಂಡರಗಿ ಬಸ್‌ಸ್ಟ್ಯಾಂಡಿನ ಹತ್ತಿರ ಚಹಾದಂಗಡಿ ಮುಂದೆ ನಾವು ನಾಲ್ಕೈದು ಮಂದಿ ಈ ಪತ್ರಿಕೆ ಹಿಡಿದು ನಿಂತಿದ್ದೆವು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಹಿರಿಯರೊಬ್ಬರು ಒಂದು ಪ್ರತಿ ಕೊಂಡರು, ದುಡ್ಡೂ ಕೊಟ್ಟರು, ಎರಡು ಪುಟ ತಿರುವಿ ನಕ್ಕರು. "ಅಲ್ಲೋ ತಮ್ಮಾ, ರೋಮಿನ್ಯಾಗೂ ಗುಲಾಮರಿದ್ರಲ್ಲ! ಅವರ ಮೊಮ್ಮಕ್ಕಳು ಹಿಂಗ ಪೇಪರ್ ಮಾರಿಕೋತ ಅಡ್ಡಾಡ್ತಾರೇನು? ಜಗತ್ತಿನ್ಯಾಗ ಎಲ್ಲಾ ಕಡೆ ಇದ್ದದ್ದ ಐತಿ. ನಿಮ್ಮದೊಂದ ದೊಡ್ಡ ರಗಳಿ."

ನಮ್ಮೊಳಗೆ ಇಬ್ಬರು ಇತಿಹಾಸ ಓದಿ ಬಿ.ಎ. ಮಾಡಿದವರು. ರೋಮಿನ ಪತನಕ್ಕೆ ಕಾರಣಗಳನ್ನು ಬರೆದು ಪಾಸಾದವರು. ಆದರೂ ಒಬ್ಬರ ಬಾಯಿಂದಲೂ ಮಾತು ಹೊರಡಲಿಲ್ಲ. ಆ ನಾಚಿಕೆಯಿಂದ ಇದನ್ನು ಬರೆಯುತ್ತಿದ್ದೇವೆ. ಯಾಕೆಂದರೆ ಈ ಮಾತು ಮುಂಡರಗಿಯದಷ್ಟೇ ಅಲ್ಲ. ಗದಗಿನ ಕಾಲೇಜಿನ ಮೆಟ್ಟಿಲ ಮೇಲೆ ಕೇಳಿದ್ದೇವೆ, ಬೆಟಗೇರಿಯ ಓಣಿಯಲ್ಲಿ ಕೇಳಿದ್ದೇವೆ, ಲಕ್ಷ್ಮೇಶ್ವರದ ಪೇಟೆಯಲ್ಲಿ, ಶಿರಹಟ್ಟಿಯ ಜಾತ್ರೆಯಲ್ಲಿ ಕೇಳಿದ್ದೇವೆ. ಕೆಲವರು ರೋಮು ಬಿಟ್ಟು ಅಮೆರಿಕದ ಕರಿಯರು ಅನ್ನುತ್ತಾರೆ. ಮಾತಿನ ಕೆಲಸ ಒಂದೇ: ನಮ್ಮ ಬಾಯಿಗೆ ಬಟ್ಟೆ ತುರುಕುವುದು.

ಹಾಗಾದರೆ ರೋಮಿಗೇ ಹೋಗೋಣ. ಅದೇನು ನಮಗೆ ತೀರಾ ಪರಊರಲ್ಲ. ಲಕ್ಷ್ಮೇಶ್ವರದಿಂದ ಸವಣೂರು ದಾಟಿ ಹಾನಗಲ್ಲ ಸೀಮೆಗೆ ಹೋದರೆ ಅಕ್ಕಿಆಲೂರು. ಅಲ್ಲಿ ಪೂರ್ವ ರೋಮಿನ ಚಕ್ರವರ್ತಿಗಳ ಚಿನ್ನದ ನಾಣ್ಯಗಳು ನೆಲದೊಳಗಿಂದ ಸಿಕ್ಕಿವೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಟೈಬೀರಿಯಸ್ ಚಕ್ರವರ್ತಿಯ ನಾಣ್ಯ ಸಿಕ್ಕಿತು. ಭಾರತ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನುಂಗುತ್ತದೆ ಎಂದು ರೋಮಿನ ಪ್ಲಿನಿ ಕ್ರಿ.ಶ. ಒಂದನೆಯ ಶತಮಾನದಲ್ಲೇ ಗೊಣಗಿದ್ದ. ಮೆಣಸು, ಮುತ್ತು, ಹತ್ತಿಬಟ್ಟೆ ಹೋದವು, ಚಿನ್ನ ಬಂತು. ದನ ತಿನ್ನುವ ಮ್ಲೇಚ್ಛನ ಕೈಯಿಂದ ಬಂದ ಆ ಚಿನ್ನಕ್ಕೆ ಮೈಲಿಗೆ ಹತ್ತಿತೆಂದು ಯಾವ ಶಾಸ್ತ್ರಿಯೂ ಬೀದಿಗೆ ಎಸೆದದ್ದನ್ನು ನಾವು ಎಲ್ಲೂ ಓದಿಲ್ಲ. ಮೈಲಿಗೆ ಇದ್ದದ್ದು ಆ ಹತ್ತಿ ಬಿಡಿಸಿದವರ ನೆರಳಿಗೆ.

ರೋಮನ್ನು ನಾವು ಹೊಗಳಲು ಹೊರಟಿಲ್ಲ, ಹುಷಾರ್. ಅಲ್ಲಿನ ಕಾನೂನಿನಲ್ಲಿ ಗುಲಾಮ ಮನುಷ್ಯನಲ್ಲ, ವಸ್ತು. ಕ್ರಿ.ಪೂ. 73ರಲ್ಲಿ ಕಾಪುವಾ ಊರಿನ ಗ್ಲಾಡಿಯೇಟರ್ ಶಾಲೆಯಿಂದ ಎಪ್ಪತ್ತು ಚಿಲ್ಲರೆ ಮಂದಿ ತಪ್ಪಿಸಿಕೊಂಡು ಬಂಡೆದ್ದರು. ಸ್ಪಾರ್ಟಕಸ್ ಅವರ ನಾಯಕ. ಎರಡು ವರ್ಷ ರೋಮಿನ ದಂಡನ್ನು ನಡುಗಿಸಿದರು. ಸೋತ ಮೇಲೆ ಸೆರೆಸಿಕ್ಕ 6000 ಮಂದಿಯನ್ನು ಕಾಪುವಾದಿಂದ ರೋಮಿನವರೆಗೆ ರಸ್ತೆಯುದ್ದಕ್ಕೂ ಶಿಲುಬೆಗೆ ಹೊಡೆದರು. ಕ್ರಿ.ಶ. 61ರಲ್ಲಿ ಪೆಡಾನಿಯಸ್ ಎಂಬ ದೊಡ್ಡ ಅಧಿಕಾರಿಯನ್ನು ಅವನ ಗುಲಾಮನೊಬ್ಬ ಕೊಂದ. ಹಳೆಯ ರೂಢಿ ಏನೆಂದರೆ ಮನೆಯ ಗುಲಾಮರನ್ನೆಲ್ಲ ಕೊಲ್ಲಬೇಕು. ಒಟ್ಟು 400 ಮಂದಿ. ಹೆಂಗಸರು, ಮಕ್ಕಳು ಸೇರಿ. ಆಗ ರೋಮಿನ ಬೀದಿಯ ಸಾಮಾನ್ಯ ಜನ ಕಲ್ಲು, ಕೊಳ್ಳಿ ಹಿಡಿದು ಅಡ್ಡ ನಿಂತರು. ನೀರೋ ದಾರಿಯ ಎರಡೂ ಬದಿಗೆ ಸಿಪಾಯಿಗಳನ್ನು ನಿಲ್ಲಿಸಿ ಆ 400 ಮಂದಿಯನ್ನು ಸಾಯಿಸಿದ. ಈ ಬೀದಿಯ ಜನರನ್ನು ಮರೆಯಬೇಡಿ. 2000ದ ಮಾರ್ಚಿನಲ್ಲಿ ಕಂಬಾಲಪಲ್ಲಿಯಲ್ಲಿ ನಮ್ಮವರು ಏಳು ಮಂದಿ ಸುಟ್ಟು ಕರಕಲಾದಾಗ, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದಾಗ, ನಮ್ಮ ಊರುಗಳಲ್ಲಿ ನಮ್ಮವರನ್ನು ಬಿಟ್ಟು ಯಾರು ಕೊಳ್ಳಿ ಹಿಡಿದು ಅಡ್ಡ ನಿಂತರು?

ಇಷ್ಟು ಕ್ರೂರ ರೋಮಿನಲ್ಲೂ ಒಂದು ಬಾಗಿಲಿತ್ತು. ನಾಗರಿಕನೊಬ್ಬ ಕಾಯ್ದೆ ಪ್ರಕಾರ ಬಿಡುಗಡೆ ಮಾಡಿದ ಗುಲಾಮ ತಾನೂ ನಾಗರಿಕನಾಗುತ್ತಿದ್ದ. ಅವನು ದೊಡ್ಡ ಹುದ್ದೆಗೆ ನಿಲ್ಲುವಂತಿರಲಿಲ್ಲ, ಬಿಡುಗಡೆಯಾದ ಮೇಲೆ ಹುಟ್ಟಿದ ಅವನ ಮಗ ನಿಲ್ಲಬಹುದಿತ್ತು. ಕವಿ ಹೊರೇಸನ ಅಪ್ಪ ಬಿಡುಗಡೆಯಾದ ಗುಲಾಮ. ತತ್ವಜ್ಞಾನಿ ಎಪಿಕ್ಟೆಟಸ್ ಸ್ವತಃ ಗುಲಾಮನಾಗಿದ್ದವನು. ಕ್ರಿ.ಶ. 193ರಲ್ಲಿ ಚಕ್ರವರ್ತಿಯಾದ ಪರ್ಟಿನಾಕ್ಸ್ ಬಿಡುಗಡೆಯಾದ ಗುಲಾಮನ ಮಗ. ಮೂರು ತಿಂಗಳೊಳಗೆ ಕಾವಲು ಸಿಪಾಯಿಗಳು ಅವನನ್ನು ಕೊಂದರು, ಅದು ಬೇರೆ ಮಾತು. ಅಪ್ಪನ ಕಸುಬು ಕೇಳಿ ಕೊಂದದ್ದಲ್ಲ. ಗಣಿಯಲ್ಲಿ, ದೊಡ್ಡ ದೊಡ್ಡ ಹೊಲಗಳಲ್ಲಿ ಸಂಕೋಲೆ ಹಾಕಿಕೊಂಡು ದುಡಿದವರಿಗೆ ಈ ಬಾಗಿಲು ಬಹಳ ಮಟ್ಟಿಗೆ ಮುಚ್ಚಿಯೇ ಇತ್ತು. ಅದನ್ನೂ ಹೇಳಬೇಕು. ಆದರೂ ರೋಮಿನ ಎಷ್ಟೋ ಗುಲಾಮರನ್ನು ಮಾಡಿದ್ದು ಯುದ್ಧ, ಸಾಲ, ಸಂತೆ. ಸಂತೆಯಲ್ಲಿ ಕಟ್ಟಿದ ಹಗ್ಗವನ್ನು ಸಂತೆಯಲ್ಲಿ ಬಿಚ್ಚಬಹುದು. ನಮ್ಮ ಹಗ್ಗ ಕಟ್ಟಿದ್ದು ಎಲ್ಲಿ? ತಾಯಿಯ ಹೊಟ್ಟೆಯಲ್ಲಿ! ನಮ್ಮನ್ನು ಯಾವ ಯಜಮಾನ ಬಿಡುಗಡೆ ಮಾಡಬೇಕು? ನಾವು ಡಿಗ್ರಿ ತಂದರೂ, ಬೆಂಗಳೂರಿಗೆ ಹೋದರೂ, ಬಾಡಿಗೆ ಮನೆ ಕೇಳಿದ ಕೂಡಲೇ "ನೀವು ಯಾವ ಪೈಕಿ?" ಅಂತಾರೆ. ಬಿಳಿ ಅಂಗಿಯ ಹಿರಿಯರೇ, ರೋಮಿನ ಗುಲಾಮರ ಮೊಮ್ಮಕ್ಕಳು ಪೇಪರ್ ಮಾರದೆ ಇರುವುದು ಯಾಕೆ ಗೊತ್ತೇನ್ರಿ? ಅವರು ಯಾರು ಅಂತ ಇವತ್ತು ಯಾರಿಗೂ ಗೊತ್ತಿಲ್ಲ. ನಾವು ಯಾರು ಅಂತ ನಿಮಗೆ ನಮ್ಮ ಊರಿನ ಹೆಸರು, ಓಣಿಯ ಹೆಸರು ಕೇಳಿದರೆ ಸಾಕು.

ಇನ್ನು ಗುಲಾಮರ ಮಾತು ಸಾಕು. ನಮಗೆ ನಿಜವಾಗಿ ಬೇಕಾದ ಪಾಠ ಇರುವುದು ಪ್ಲೆಬಿಯನ್ನರ ಕಥೆಯಲ್ಲಿ. ಗೈಡಿನಲ್ಲಿ ಅದು ಅರ್ಧ ಪುಟ. ರೋಮಿನ ಕುಲೀನರು ಪ್ಯಾಟ್ರಿಷಿಯನ್ನರು. ಉಳಿದ ಸ್ವತಂತ್ರ ಜನ, ಒಕ್ಕಲು ಮಕ್ಕಳು, ಕಸುಬುದಾರರು, ಸಿಪಾಯಿಗಳು ಪ್ಲೆಬಿಯನ್ನರು. ಸಾಲ ತೀರಿಸದಿದ್ದರೆ ಅವರ ಮೈಯೇ ಒತ್ತೆ. ಜೀತ ಅಂದರೇನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಕ್ರಿ.ಪೂ. 494ರಲ್ಲಿ ಅವರು ಊರು ಬಿಟ್ಟು ಹೊರಟರು. ಕಲ್ಲು ತೂರಲಿಲ್ಲ, ಬೆಂಕಿ ಹಚ್ಚಲಿಲ್ಲ. ಮೂರು ಮೈಲು ಆಚೆ ಒಂದು ಗುಡ್ಡ ಹತ್ತಿ ಕುಳಿತರು. ದಂಡಿಗೆ ಆಳಿಲ್ಲ. ಸುತ್ತ ಶತ್ರುಗಳು. ಪ್ಯಾಟ್ರಿಷಿಯನ್ನರ ಎದೆ ಒಡೆಯಿತು.

ಆಗ ಮೆನೆನಿಯಸ್ ಅಗ್ರಿಪ್ಪಾ ಎಂಬ ಮಾತುಗಾರನನ್ನು ಗುಡ್ಡಕ್ಕೆ ಕಳಿಸಿದರು. ಅವನು ಒಂದು ಕಥೆ ಹೇಳಿದ. ಕೈ, ಬಾಯಿ, ಹಲ್ಲು ಎಲ್ಲ ಒಂದು ದಿನ ಹೊಟ್ಟೆಯ ಮೇಲೆ ಸಿಟ್ಟಾದವಂತೆ: ನಾವು ದುಡಿಯೋದು, ಇದು ಕುಂತು ತಿನ್ನೋದು! ಕೈ ತುತ್ತು ಎತ್ತಲಿಲ್ಲ, ಬಾಯಿ ತೆರೆಯಲಿಲ್ಲ, ಹಲ್ಲು ಅಗಿಯಲಿಲ್ಲ. ಕಡೆಗೆ ಹೊಟ್ಟೆಯ ಜೊತೆ ತಾವೂ ಸೊರಗಿದವಂತೆ. ಹೊಟ್ಟೆಯೂ ಎಲ್ಲರಿಗೂ ಉಣಿಸುತ್ತದೆಂದು ಆಗ ತಿಳಿಯಿತಂತೆ.

ಈ ಕಥೆ ಎಲ್ಲೋ ಕೇಳಿದಂತಿದೆಯಲ್ಲ? ಋಗ್ವೇದದ ಹತ್ತನೆಯ ಮಂಡಲದಲ್ಲಿ ಪುರುಷನ ಮೈಯಿದೆ. ಬಾಯಿ ಬ್ರಾಹ್ಮಣ, ತೋಳು ರಾಜ, ತೊಡೆ ವೈಶ್ಯ, ಪಾದ ಶೂದ್ರ. ಸಮಾಜ ಒಂದು ದೇಹ ಅಂದವನು ತಾನು ಯಾವ ಅಂಗ ಅನ್ನುವುದನ್ನು ಮೊದಲೇ ಗೊತ್ತುಮಾಡಿಕೊಂಡು ಬಂದಿರುತ್ತಾನೆ. ಹೊಟ್ಟೆಯಾಗಿ ಬರುತ್ತಾನೆ, ಇಲ್ಲವೇ ಬಾಯಾಗಿ ಬರುತ್ತಾನೆ. ಅಂಗಾಲಾಗಿ ಬಂದ ಮಾತುಗಾರನನ್ನು ನಾವು ಕಂಡಿಲ್ಲ. ರೋಮಿನ ಮೈಯಲ್ಲಿ ಕೈಗೆ ಜಾಗವಾದರೂ ಇತ್ತು. ಪುರುಷನ ಮೈಯಲ್ಲಿ ನಮಗೆ ಕಾಲಿನ ಉಗುರಿನಷ್ಟೂ ಜಾಗವಿಲ್ಲ. ನಾವು ಮೈಯ ಆಚೆಯವರು, ಊರಾಚೆಯ ಕೇರಿಯ ಹಾಗೆ.

ಗೈಡು ಹೇಳದೆ ಬಿಟ್ಟದ್ದು ಇಲ್ಲಿದೆ. ಪ್ಲೆಬಿಯನ್ನರು ಬರೀ ಕಥೆ ಕೇಳಿ ಗುಡ್ಡ ಇಳಿಯಲಿಲ್ಲ. ಟ್ರಿಬ್ಯೂನ್ ಎಂಬ ತಮ್ಮದೇ ಪ್ರತಿನಿಧಿಗಳನ್ನು ಪಡೆದು ಇಳಿದರು. ಆ ಪ್ರತಿನಿಧಿಯ ಮೈ ಮುಟ್ಟಿದವನಿಗೆ ಸಾವು. ಕೇಳಿದಿರಾ? ಅಲ್ಲಿಯೂ ಒಬ್ಬ 'ಮುಟ್ಟಬಾರದವ'ನಿದ್ದ, ಆದರೆ ಅವನನ್ನು ಕಂಡು ಹೆದರಿಕೊಂಡವರು ಕುಲೀನರು!

ಈಗ ನಮ್ಮ ಗುಡ್ಡದ ಮಾತು. ಹಲಗಿ ಬಾರಿಸೂದಿಲ್ಲ, ಸತ್ತ ದನ ಎಳಿಯೂದಿಲ್ಲ ಅಂತ ಒಂದು ಕೇರಿ ಒಂದು ದಿನ ಹೇಳಿ ನೋಡಲಿ. ಮರುದಿನ ಕಿರಾಣಿ ಅಂಗಡಿ ಬಂದ್, ಹಿಟ್ಟಿನ ಗಿರಣಿ ಬಂದ್, ಹೊಲದ ಕೂಲಿ ಬಂದ್, ಮಾತಾಡಿಸಿದವರಿಗೆ ದಂಡ. ರೋಮಿನಲ್ಲಿ ಬಡವರು ಊರಿಗೆ ಬಹಿಷ್ಕಾರ ಹಾಕಿದರು, ಇಲ್ಲಿ ಊರು ಬಡವರಿಗೆ ಹಾಕುತ್ತದೆ. ಯಾಕೆ ಹೀಗೆ ತಿರುವುಮುರುವು? ಪ್ಲೆಬಿಯನ್ನನ ಕೈಯಲ್ಲಿ ಈಟಿ ಇತ್ತು, ಎಷ್ಟೋ ಮಂದಿಗೆ ತುಂಡು ಹೊಲವಾದರೂ ಇತ್ತು. ನಮ್ಮ ಕೈಯಲ್ಲಿ ಆಯುಧವೂ ಇಲ್ಲ, ಅಕ್ಷರವೂ ಇಲ್ಲದಂತೆ ಮಾಡಿ ಬಂಡಾಯದ ಬೇರನ್ನೇ ಕತ್ತರಿಸಿದ್ದರು ಎಂಬುದನ್ನು ಬಾಬಾಸಾಹೇಬರು ಬಹಳ ಹಿಂದೆಯೇ ಕಂಡಿದ್ದರು. ಹೊಲದ ಮಾತಂತೂ ಬೇಡ. 1974ರ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತು. ಗೇಣಿಯೂ ಸಿಗದ ಕೂಲಿಯವನು ಕೂಲಿಯವನಾಗಿಯೇ ಉಳಿದ. ಗುಡ್ಡ ಹತ್ತಿ ಕೂರಲು ಕಪ್ಪತಗುಡ್ಡ ಹತ್ತಿರದಲ್ಲೇ ಇದೆ. ಮೂರು ದಿನದ ರೊಟ್ಟಿ ಯಾರ ಮನೆಯಲ್ಲಿದೆ?

ಮದುವೆಯ ಮಾತಿಗೆ ಬರೋಣ. ಕ್ರಿ.ಪೂ. 450ರ ಸುಮಾರಿಗೆ ಬರೆದ ಹನ್ನೆರಡು ಹಲಗೆಗಳ ಶಾಸನ ಪ್ಯಾಟ್ರಿಷಿಯನ್-ಪ್ಲೆಬಿಯನ್ ಮದುವೆಯನ್ನು ನಿಷೇಧಿಸಿತು. ರಕ್ತ ಬೆರೆತರೆ ಶಕುನ ಕೆಡುತ್ತದೆ ಅಂತ ವಾದ. ಕನ್ಯುಲಿಯಸ್ ಎಂಬ ಟ್ರಿಬ್ಯೂನ್ ಎದ್ದು ನಿಂತ: ಮದುವೆ ಬಿಡದಿದ್ದರೆ ದಂಡಿಗೆ ಆಳು ಬಿಡೋದಿಲ್ಲ! ಕ್ರಿ.ಪೂ. 445ರಲ್ಲಿ ನಿಷೇಧ ಬಿತ್ತು. ಐದು ವರ್ಷ ಅಷ್ಟೇ. ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯ, ಮಧುವರಸರು ಬೀಗರಾದದ್ದಕ್ಕೆ ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಶರಣರ ಕಥೆ ಹೇಳುತ್ತದೆ. ಎಂಟು ನೂರು ವರ್ಷ ದಾಟಿತು. 2019ರ ನವೆಂಬರಿನಲ್ಲಿ ನಮ್ಮದೇ ಗದಗ ಜಿಲ್ಲೆಯ ಲಕ್ಕಲಕಟ್ಟಿಯಲ್ಲಿ, ಜಾತಿ ಮೀರಿ ಮದುವೆಯಾಗಿ ದೂರ ಹೋಗಿ ಬದುಕಿದ್ದ ಗಂಡಹೆಂಡತಿ ಊರಿಗೆ ಬಂದಾಗ ಕಲ್ಲಿನಿಂದ ಜಜ್ಜಿ ಕೊಂದರು. ಕೊಂದವರು ಬ್ರಾಹ್ಮಣರಲ್ಲ, ಗೌಡರಲ್ಲ. ಹುಡುಗಿಯ ಒಡಹುಟ್ಟಿದವರು. ಅವರ ಮನೆಯೂ ನಮ್ಮ ಮನೆಯಂತೆ ಬಡವರ ಮನೆ. ಇದನ್ನು ಬರೆಯುವಾಗ ನಮ್ಮ ಕೈ ನಡುಗುತ್ತದೆ. ಮೇಲಿನವನನ್ನು ಬೈಯುವುದು ಸುಲಭ. ನಮ್ಮ ಕೆಳಗೂ ಒಬ್ಬನನ್ನು ಇಟ್ಟುಕೊಳ್ಳುವ ಚಟ ನಮ್ಮ ಕೇರಿಗಳಲ್ಲೂ ಇದೆ. ಹೊಲೆಯ-ಮಾದಿಗ ಅಂತ ಹಾಸ್ಟೆಲಿನಲ್ಲೇ ತಾಟು ಬೇರೆ ಇಡುವ ಗೆಳೆಯರು ಈ ಸಾಲನ್ನು ಎರಡು ಸಲ ಓದಲಿ.

ಕಡೆಗೆ ಗುಡುಗಿನ ಕಥೆ. 1936ರಲ್ಲಿ ಲಾಹೋರಿನ ಜಾತ್‌ಪಾತ್ ತೋಡಕ್ ಮಂಡಲದವರು ಬಾಬಾಸಾಹೇಬರನ್ನು ಕರೆದು, ಭಾಷಣ ನೋಡಿ ಹೆದರಿ ಸಮ್ಮೇಳನವನ್ನೇ ರದ್ದು ಮಾಡಿದ್ದು ನಿಮಗೆ ಗೊತ್ತು. ಅವರು ಅದನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಆ 'ಜಾತಿ ವಿನಾಶ'ದಲ್ಲಿ ರೋಮಿನ ಪ್ಲೆಬಿಯನ್ನರು ಬರುತ್ತಾರೆ. ಅವರ ಪ್ರಶ್ನೆ ಇದು: ಇಬ್ಬರು ಕಾನ್ಸಲ್‌ಗಳಲ್ಲಿ ಒಬ್ಬನನ್ನು ತಮ್ಮವರಿಂದ ಆರಿಸುವ ಹಕ್ಕು ಗೆದ್ದ ಮೇಲೂ ಪ್ಲೆಬಿಯನ್ನರಿಗೆ ಗಟ್ಟಿ ನಾಯಕ ಯಾಕೆ ಸಿಗಲಿಲ್ಲ? ಉತ್ತರ: ಆಯ್ಕೆಯಾದವನು ದೇವರಿಗೂ ಒಪ್ಪಿಗೆಯಾಗಬೇಕಿತ್ತು, ದೇವರ ಬಾಯಿ ಪ್ಯಾಟ್ರಿಷಿಯನ್ನರ ಕೈಯಲ್ಲಿತ್ತು. ಅವರು ಡೆಲ್ಫಿಯ ದೇವವಾಣಿಯ ಹೆಸರು ಹೇಳುತ್ತಾರೆ. ರೋಮಿನೊಳಗೆ ದಿನದಿನದ ಈ ಕೆಲಸ ಮಾಡುತ್ತಿದ್ದವರು ಹಕ್ಕಿ ಹಾರಾಟ, ಗುಡುಗು ನೋಡಿ ಶಕುನ ಹೇಳುವ ಆಗರ್ ಎಂಬ ಪುರೋಹಿತರು.

ಕ್ರಿ.ಪೂ. 215ರಲ್ಲಿ ಮಾರ್ಸೆಲಸ್ ಎಂಬ ಪ್ಲೆಬಿಯನ್ ದಂಡನಾಯಕ ಕಾನ್ಸಲ್ ಆಗಿ ಗೆದ್ದ. ಇನ್ನೊಬ್ಬ ಕಾನ್ಸಲ್ ಕೂಡ ಪ್ಲೆಬಿಯನ್ನೇ. ಇಬ್ಬರೂ ಕೆಳಗಿನವರು! ಮಾರ್ಸೆಲಸ್ ಅಧಿಕಾರಕ್ಕೆ ಕೂರುವ ಹೊತ್ತಿಗೆ ಗುಡುಗಿತು. ಆಯ್ಕೆಯಲ್ಲಿ ದೋಷ ಬಂತೆಂದು ಶಕುನದವರು ಹೇಳಿದರು, ದೇವರಿಗೆ ಇದು ಸರಿಬರಲಿಲ್ಲವೆಂದು ಕುಲೀನರು ಊರೆಲ್ಲ ಸುದ್ದಿ ಹಬ್ಬಿಸಿದರು. ಅವನು ಕೆಳಗಿಳಿದ. ಆ ಜಾಗಕ್ಕೆ ಪ್ಯಾಟ್ರಿಷಿಯನ್ ಫೇಬಿಯಸ್ ಬಂದ. ಗಮನಿಸಿ: ಶಕುನದ ಪೀಠಗಳಲ್ಲಿ ಕೂರುವ ಹಕ್ಕನ್ನು ಪ್ಲೆಬಿಯನ್ನರು ಕ್ರಿ.ಪೂ. 300ರಲ್ಲೇ ಗೆದ್ದಿದ್ದರು. ನಮ್ಮವನು ಪೀಠದ ಮೇಲೆ ಕುಳಿತ, ಆದರೂ ಗುಡುಗು ಹಳೆಯ ಭಾಷೆಯಲ್ಲೇ ಮಾತಾಡಿತು. ಯಾಕೆಂದರೆ ಗುಡುಗನ್ನು ನಂಬುವುದನ್ನು ಬೀದಿಯ ಜನ ಬಿಟ್ಟಿರಲಿಲ್ಲ.

ನಮ್ಮ ಶಿರಹಟ್ಟಿ ಮತಕ್ಷೇತ್ರ 2008ರ ಚುನಾವಣೆಯಿಂದ ಪರಿಶಿಷ್ಟ ಜಾತಿಗೆ ಮೀಸಲು. ಯಾರು ಗೆದ್ದರು, ಯಾರು ಸೋತರು ಅನ್ನುವ ಮಾತಿಗೆ ನಾವು ಹೋಗುವುದಿಲ್ಲ, ಕೇಳಬೇಕಾದ್ದು ಬೇರೆ. 1932ರ ಪುಣೆ ಒಪ್ಪಂದದ ಮೇಲೆ ಮೀಸಲು ಸೀಟಿಗೆ ನಿಲ್ಲುವವನು ನಮ್ಮವನು, ಆರಿಸುವವರು ಎಲ್ಲರೂ. ಹಾಗಾದರೆ ಟಿಕೇಟು ಕೊಡುವ ಮೊದಲು ಯಾವ ವಾಡೆಯ ಮೇಲೆ ಗುಡುಗು ಕೇಳುತ್ತಾರೆ? ಯಾರ ಪಾದ ಮುಟ್ಟಿದವನಿಗೆ ಹಕ್ಕಿ ಬಲಕ್ಕೆ ಹಾರುತ್ತದೆ? ನಮ್ಮ ಓಣಿಯ ಹಿರಿಯರೇ "ಅವ ಭಾಳ ಜಗಳಗಂಟ, ಊರಿಗೆ ಹೊಂದೂದಿಲ್ಲ" ಅಂತ ನಮ್ಮ ಗಟ್ಟಿ ಹುಡುಗನನ್ನು ಬದಿಗೆ ಸರಿಸಿದ್ದನ್ನು ನಾವು ಎಷ್ಟು ಸಲ ನೋಡಿಲ್ಲ? ಅದು ಅವರ ಮಾತಲ್ಲ. ಅವರ ಎದೆಯೊಳಗೆ ಬೇರೆ ಯಾರೋ ಕೂಡಿಸಿಟ್ಟ ಗುಡುಗು.

ಪರೀಕ್ಷೆಯಲ್ಲಿ ಪ್ಲೆಬಿಯನ್ನರ ಹೋರಾಟದ ಮೇಲೆ ಹತ್ತು ಅಂಕದ ಪ್ರಶ್ನೆ ಬಂದರೆ ಗೈಡಿನ ಬೂಸಾ ಬರೆದು ಅಂಕ ತೊಗೊಳ್ಳಿರಿ, ಬೇಡ ಅನ್ನುವುದಿಲ್ಲ. ಆಮೇಲೆ ಬರುವ ಭಾನುವಾರ ರಾತ್ರಿ ಊಟ ಮುಗಿಸಿ ಹಾಸ್ಟೆಲಿನ ಮಾಳಿಗೆಗೆ ಬನ್ನಿ. 'ಜಾತಿ ವಿನಾಶ'ದ ಒಂದೇ ಪ್ರತಿ ನಮ್ಮ ಹತ್ತಿರ ಇದೆ, ರಟ್ಟು ಕಿತ್ತಿದೆ. ಒಬ್ಬರು ಓದುತ್ತಾರೆ, ಉಳಿದವರು ತಕರಾರು ತೆಗೆಯಬೇಕು. ಮುಂಡರಗಿಯ ಗೆಳೆಯರಿಗೆ ಸಾಧ್ಯವಾದರೆ ಆ ಬಿಳಿ ಅಂಗಿಯ ಹಿರಿಯರನ್ನೂ ಕರಕೊಂಡು ಬರಲಿ. ಚಾಪೆ ಇದೆ.